ಕಣ್ಣು ಮುಚ್ಚಿದ ನ್ಯಾಯಾಧೀಶ

ಹೆಂಡತಿಗೆ ಹೆದರುವ ಗಂಡಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅತ್ತೆಗೆ ಹೆದರುವವರೂ ಇದ್ದಾರೆ. ಆದರೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದವನ ಸಂಕಟ ನಿಮಗೆ ಗೊತ್ತೆ? ಪ್ರಶ್ನೆಯಾದರೂ ಎಂಥದು! ‘ಲೋಹಗ್ರಹಂ’ ಸಿನಿಮಾದ ಎರಡನೆಯ ಭಾಗ ಒಳ್ಳೆಯದೋ, ಮೂರನೆಯ ಭಾಗವೋ?

ನಾನು ಗುರುದತ್ತ, ತುಮಕೂರಿನವನು. ಬ್ಯಾಂಕಿನ ವರ್ಗಾವಣೆಯ ಕೃಪೆಯಿಂದ ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದು ಬಿದ್ದವನು. ಹೆಂಡತಿ ಸಹನಾಳ ತವರು ವಿಜಯವಾಡ. ಅವಳ ತಾಯಿ ಸೂರ್ಯಕಾಂತಮ್ಮ ಬಳ್ಳಾರಿಯಲ್ಲಿ ಹುಟ್ಟಿ, ತೆಲುಗಿನವರಾದ ಕಾಮೇಶ್ವರ ಮಾವನವರ ಕೈಹಿಡಿದು ಕೃಷ್ಣೆಯ ದಡ ಸೇರಿದವರು. ಅವರ ಕನ್ನಡ ಈಗ ಅರ್ಧ ತೆಲುಗು. ಬೈಯುವಾಗ ಮಾತ್ರ ಅಪ್ಪಟ ಬಳ್ಳಾರಿ.

ತಾಯಿ ಮಗಳಿಬ್ಬರಿಗೂ ಈ ಸಿನಿಮಾದ ಹುಚ್ಚು. ಮೊದಲ ಭಾಗದಲ್ಲಿ, ಯಾವುದೋ ಗ್ರಹದಲ್ಲಿ ಅನಾಥವಾದ ಹೆಣ್ಣುಮಗುವನ್ನು ಒಂದು ಯಂತ್ರ ಸಾಕುತ್ತದೆ. ಎರಡನೆಯದರಲ್ಲಿ ಆ ಯಂತ್ರತಾಯಿ ತನ್ನೊಳಗಿನ ವಿದ್ಯುತ್ತನ್ನೆಲ್ಲ ನೌಕೆಗೆ ಧಾರೆಯೆರೆದು, ಮಗಳನ್ನು ಭೂಮಿಗೆ ಕಳಿಸಿ ತಾನು ಆರಿಹೋಗುತ್ತಾಳೆ. ಮೂರನೆಯದರಲ್ಲಿ, ದೊಡ್ಡವಳಾದ ಮಗಳು ಹಿಂತಿರುಗಿ ಹೋಗಿ ತಾಯಿಯನ್ನು ಮತ್ತೆ ಚಾಲೂ ಮಾಡುತ್ತಾಳೆ. (ಇಷ್ಟೂ ಸಹನಾ ಹೇಳಿ ಗೊತ್ತು. ಮೂರಕ್ಕೂ ಅವಳ ಜೊತೆ ಹೋಗಿದ್ದೆ ನಿಜ. ಆದರೆ ಆ ಯಂತ್ರದ ಕೆಂಪು ಕಣ್ಣು ಹೊತ್ತಿಕೊಂಡ ಕ್ಷಣದಿಂದ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದೆ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ಜೀವ ನನ್ನದು. ಕತ್ತಲಲ್ಲಿ ಹೆಂಡತಿಗೆ ಗೊತ್ತಾಗಲಿಲ್ಲ.)

ಜಗಳ ಶುರುವಾದದ್ದು ಫೋನಿನಲ್ಲಿ. ಸಹನಾಗೆ ಆಗ ಏಳನೆಯ ತಿಂಗಳು. ವಿಜಯವಾಡದಲ್ಲಿ ಸೀಮಂತ ಗೊತ್ತಾಗಿತ್ತು. ಸೀರೆ, ಬಳೆಗಳ ಮಾತು ಮುಗಿದು ಸಿನಿಮಾಕ್ಕೆ ಬಂತು.

“ಮೂರನೇ ಭಾಗ ತೆಗೆದದ್ದೇ ತಪ್ಪಮ್ಮಾ. ಹೋದ ತಾಯಿ ಹೋದ ಹಾಗೇ ಇದ್ದಿದ್ದರೆ ಕಥೆಗೆ ಒಂದು ಗೌರವ ಇರ್ತಿತ್ತು,” ಎಂದಳು ಸಹನಾ.

ಸ್ಪೀಕರಿನಲ್ಲಿ ಅತ್ತೆಯ ದನಿ ನಡುಗುತ್ತ ಬಂತು. “ಅಂಟೇ... ಅಂದ್ರೆ, ಕೆಲಸ ಮುಗಿದ ಮೇಲೆ ಅಮ್ಮ ಬೇಡ. ಅಷ್ಟೇ ತಾನೇ?”

“ನಾನು ಸಿನಿಮಾ ಬಗ್ಗೆ ಹೇಳ್ತಿದೀನಮ್ಮಾ!”

“ನನಗೆ ಅರ್ಥವಾಗುತ್ತೆ ಲೇಮ್ಮಾ. ಆರಿಹೋದವಳು ಮೂಲೇಲಿ ಬಿದ್ದಿರಬೇಕು. ಬಿದ್ದಿರ್ತೀನಿ ಬಿಡು.”

ಫೋನ್ ಕಟ್ಟಾಯಿತು. ಮರುದಿನ ಸಹನಾ ಫೋನ್ ಮಾಡಿದರೆ ಎತ್ತಲಿಲ್ಲ. ಇವಳಿಗೂ ಸಿಟ್ಟು ಬಂತು. “ಎರಡನೇ ಭಾಗವೇ ಶ್ರೇಷ್ಠ ಅಂತ ಅಮ್ಮ ಒಪ್ಪೋ ತನಕ ನಾನು ಸೀಮಂತಕ್ಕೆ ಕೂರಲ್ಲ,” ಎಂದಳು. ಹೇಳುವುದು ಹಾಗೆ; ಹೇಳಿ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುವುದು ಹೀಗೆ. ತುಂಬಿದ ಬಸುರಿ ಬಾಗಿಲಾಚೆ ಅಳುತ್ತಿದ್ದರೆ, ಈಚೆ ನಿಂತವನ ಎದೆ ಏನಾಗಬೇಕು? ನನಗೆ ನಿಜಕ್ಕೂ ಭಯವಾಯಿತು.

ಕಡೆಗೆ ಮಾವನವರೇ ನನಗೆ ಫೋನ್ ಮಾಡಿದರು. ಅವರು ರೈಲ್ವೆಯಿಂದ ನಿವೃತ್ತರು, ಮಾತು ಕಮ್ಮಿ. “ಬಾಬೂ, ಇಬ್ಬರೂ ನಿಮ್ಮ ತೀರ್ಪಿಗೆ ಒಪ್ಪಿದ್ದಾರೆ. ನೀವು ಬ್ಯಾಂಕಿನವರು, ನಿಷ್ಪಕ್ಷಪಾತಿಗಳು. ಬಂದು ಹೇಳಿಬಿಡಿ.” ಎಂಥ ನಿಷ್ಪಕ್ಷಪಾತ! ಎರಡೂ ಭಾಗಗಳನ್ನು ಸರಿಸಮವಾಗಿ ನೋಡದೇ ಇದ್ದವನು ನಾನೊಬ್ಬನೇ.

ರೈಲು ಹತ್ತಿದೆವು. ತುನಿ ಸ್ಟೇಷನ್ ಬರುವಾಗ ಸಹನಾ ಬಾಯಿಬಿಟ್ಟಳು.

“ಏನ್ರೀ, ನಾನು ನಿಮ್ಮನ್ನ ಏನೂ ಒತ್ತಾಯ ಮಾಡಲ್ಲ.”

“ಹ್ಞೂಂ.”

“ನಿಮ್ಮ ಮನಸ್ಸಾಕ್ಷಿ ಹೇಳಿದ್ದನ್ನೇ ಹೇಳಿ.”

“ಹ್ಞೂಂ.”

“ನಿಮ್ಮ ಮನಸ್ಸಾಕ್ಷಿ ಎರಡನೇ ಭಾಗ ಅಂತ ತಾನೇ ಹೇಳ್ತಿರೋದು?”

ಗೋದಾವರಿಯ ಸೇತುವೆ ಮೇಲೆ ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ತಾಯೀ, ವಿಜಯವಾಡ ತಲುಪುವುದರೊಳಗೆ ಈ ನ್ಯಾಯಾಧೀಶನ ಗಂಟಲು ಕಟ್ಟಿಹೋಗಲಿ! ಗಂಟಲು ಕಟ್ಟಲಿಲ್ಲ. ಹೊಟ್ಟೆ ಕಟ್ಟಿತು.

ಮನೆಯಲ್ಲಿ ಊಟವಾದ ಮೇಲೆ ನ್ಯಾಯಾಲಯ ಸೇರಿತು. ಒಂದು ಸೋಫಾದಲ್ಲಿ ಅತ್ತೆ, ಇನ್ನೊಂದರಲ್ಲಿ ಸಹನಾ. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದರು. ಮಾವನವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. (ಓಡಿಹೋಗಲು ಅನುಕೂಲವಾದ ಜಾಗ ಅದೊಂದೇ. ಅನುಭವಸ್ಥರು.) ನಾನು ನಡುವೆ, ಫ್ಯಾನಿನ ಕೆಳಗೆ ಬೆವರುತ್ತ ನಿಂತೆ.

“ಎರಡನೆಯದರಲ್ಲಿ ಕಣ್ಣೀರು, ಮೂರನೆಯದರಲ್ಲಿ ಪನ್ನೀರು...” ಎಂದು ರಾಗ ಎಳೆದೆ.

“ಅದೆಲ್ಲ ಬೇಡ ಅಲ್ಲುಡುಗಾರೂ,” ಎಂದರು ಅತ್ತೆ. ಅಳಿಯಂದಿರೇ ಎಂದು ಅಷ್ಟು ಮರ್ಯಾದೆಯಿಂದ ಕರೆದಾಗಲೇ ಅಪಾಯ ಖಚಿತವಾಯಿತು. “ಒಂದೇ ಮಾತು ಹೇಳಿ. ಮೂರನೇ ಭಾಗದಲ್ಲಿ ಮಗಳು ಬಂದು ಸ್ವಿಚ್ ಹಾಕ್ತಾಳಲ್ಲ, ತಾಯಿ ಕಣ್ಣು ಬಿಟ್ಟು ಮೊದಲು ಏನಂದಳು? ಆ ಮಾತು ಕೇಳಿದವನಿಗೆ ಯಾವುದು ದೊಡ್ಡದು ಅಂತ ಗೊತ್ತಾಗುತ್ತೆ.”

ಕಣ್ಣು ಮುಚ್ಚಿದ್ದೆ, ಕಿವಿಯನ್ನಾದರೂ ತೆರೆದಿಡಬಾರದಿತ್ತೆ? ಹೆಬ್ಬೆರಳುಗಳು ಕಿವಿಯಲ್ಲಿದ್ದವಲ್ಲ! ದೂರದ ಊರಿಂದ ಮಗಳು ಬಂದರೆ ತಾಯಿ ಏನನ್ನುತ್ತಾಳೆ? ತುಮಕೂರಿನ ಬಾಗಿಲಲ್ಲಿ ನನ್ನಮ್ಮ ಏನನ್ನುತ್ತಾಳೋ ಅದೇ ಬಾಯಿಗೆ ಬಂತು.

“ಊ... ಊಟ ಆಯ್ತಾ ಮಗಳೇ? ಯಾಕೆ ಇಷ್ಟು ಇಳಿದುಹೋಗಿದೀಯ?”

ಕೆಲಸ ಕೆಟ್ಟಿತೆಂದು ಕಣ್ಣು ಮುಚ್ಚಿದೆ (ಅಭ್ಯಾಸಬಲ). ತೆರೆದಾಗ ಸಹನಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

“ಅಮ್ಮಾ, ಆ ಯಂತ್ರ ಹೀಗೆ ಕೇಳಿದ್ದಿದ್ದರೆ ನಾನು ಮೂರನೇದನ್ನೇ ಒಪ್ತಿದ್ದೆ. ಅದು ಹಾಳು ‘ಬ್ಯಾಟರಿ ಶೇಕಡಾ ಹನ್ನೆರಡು’ ಅಂತಲ್ಲವಾ ಅಂದಿದ್ದು?”

“ನಾನೂ ಅದಕ್ಕೇ ಅತ್ತಿದ್ದು ಕಣೇ! ಅಷ್ಟು ಕಮ್ಮಿ ಶಕ್ತಿ ಇಟ್ಕೊಂಡು ಮಗಳಿಗೋಸ್ಕರ ಎದ್ದಳಲ್ಲಾ ಅಂತ,” ಎನ್ನುತ್ತ ಅತ್ತೆ ಈ ಸೋಫಾಕ್ಕೆ ಬಂದು ಮಗಳ ಗಲ್ಲ ಹಿಡಿದರು. “ನಿಜವಾಗ್ಲೂ ಇಳಿದುಹೋಗಿದೀಯಲ್ಲೇ ತಲ್ಲೀ. ಫೋನ್ ಎತ್ತದೇ ಇದ್ದಿದ್ದು ನನ್ನದೇ ತಪ್ಪು.”

ಇಬ್ಬರೂ ಅಪ್ಪಿಕೊಂಡು ಅತ್ತರು. ಮಾವನವರು ನನಗೆ ಕಣ್ಣಲ್ಲೇ ಶಹಬ್ಬಾಸ್ ಅಂದರು. ನಾನು ಎದೆಯುಬ್ಬಿಸಿ ನಿಂತೆ. ಒಂದೇ ನಿಮಿಷ. ಅಪ್ಪುಗೆಯಲ್ಲಿದ್ದ ಎರಡೂ ತಲೆಗಳು ಒಟ್ಟಿಗೇ ನನ್ನ ಕಡೆ ತಿರುಗಿದವು.

“ಅಂದ್ರೆ ನೀವು ಸಿನಿಮಾ ನೋಡೇ ಇಲ್ಲ!” ಎಂದಳು ಸಹನಾ.

“ನಮ್ಮ ಮಧ್ಯೆ ತೀರ್ಪು ಹೇಳೋಕೆ ಬಂದವರು!” ಎಂದರು ಅತ್ತೆ. ಬಳ್ಳಾರಿ ಕನ್ನಡ ಶುರುವಾಗುವ ಲಕ್ಷಣ ಕಂಡಿತು. ಭಯಕ್ಕೆ ಮೂರರಲ್ಲೂ ಮುಖ ಮುಚ್ಚಿಕೊಂಡು ಕೂತಿದ್ದೆನೆಂದು ಒಪ್ಪಿಕೊಂಡೆ.

ಶಿಕ್ಷೆ ಆಗಲೇ ಜಾರಿಯಾಯಿತು. ಕಾಫಿ ಮುಗಿದೊಡನೆ ಟಿವಿಯಲ್ಲಿ ಮೂರನೆಯ ಭಾಗ ಹಾಕಿದರು. ನನ್ನನ್ನು ನಡುವೆ ಕೂರಿಸಿ, ಮುಖ ಮುಚ್ಚಿಕೊಳ್ಳದ ಹಾಗೆ ಬಲಗೈ ಹೆಂಡತಿ, ಎಡಗೈ ಅತ್ತೆ ಹಿಡಿದುಕೊಂಡರು. ಕತ್ತಲೆಯ ಗ್ರಹ. ಗಾಳಿಯ ಊಳು. ತುಕ್ಕು ಹಿಡಿದ ಆ ದೈತ್ಯ ತಲೆ ಮೆಲ್ಲಗೆ ನನ್ನತ್ತಲೇ ತಿರುಗಿ, ಕೆಂಪು ಕಣ್ಣು ಧಗ್ ಎಂದು ಹೊತ್ತಿಕೊಂಡಿತು.

“ಅಮ್ಮಾ!” ಎಂದು ಮನೆ ನಡುಗುವಂತೆ ಚೀರಿದೆ.

ಅತ್ತೆ ವಿಜಯೋತ್ಸಾಹದಿಂದ ನನ್ನ ಎಡಗೈಯನ್ನು ಮೇಲಕ್ಕೆತ್ತಿ ಹಿಡಿದರು.

“ಕೇಳಿದೆಯಾ ಸಹನಾ? ತಾಯಿ ಎದ್ದ ಕೂಡಲೇ ಅಳಿಯಂದಿರು ಹೇಗೆ ಕರೆದರು ನೋಡು! ಅಯಿಪೋಯಿಂದಿ, ಮುಗಿದೇ ಹೋಯ್ತು. ತೀರ್ಪು ಬಂತು, ಮೂರನೇ ಭಾಗವೇ!”

ಸಹನಾ ನನ್ನ ಬಲಗೈಯನ್ನು ನಿಧಾನವಾಗಿ ಬಿಟ್ಟಳು. ಪರದೆಯ ಮೇಲಿನ ಕಣ್ಣಿಗಿಂತ ಕೆಂಪಾದ ಎರಡು ಕಣ್ಣುಗಳು ನನ್ನ ಪಕ್ಕದಲ್ಲೇ ಹೊತ್ತಿಕೊಂಡವು. ನನಗೆ ಮುಖ ಮುಚ್ಚಿಕೊಳ್ಳಲು ಈಗ ಒಂದೇ ಕೈ ಖಾಲಿ ಇತ್ತು.