ರಷ್ಯಾ ಸೊಸೆಗೆ ಆರತಿ

"ನಿಂಗಿನ್ನೂ ಗೊತ್ತಿಲ್ವಾ ಉಮಾ? ಕಲ್ಯಾಣದುರ್ಗದ ನಮ್ಮ ಈರಕ್ಕನ ಮಗ ಹರಿಕೃಷ್ಣ ರಷ್ಯಾದೋಳ್ನ ಮದ್ವೆ ಮಾಡ್ಕೊಂಡ್ಬುಟ್ಟವ್ನಂತೆ ಕಣಪ್ಪ!"

ಎದುರುಮನೆ ಸರಸ್ವತಮ್ಮ ಬಾಗಿಲಲ್ಲೇ ನಿಂತು ಕೂಗಿದ ಜೋರಿಗೆ ಉಮಾಶಂಕರನ ಕೈಲಿದ್ದ ಟೀ ಅರ್ಧ ಲುಂಗಿ ಮೇಲೆ ಹೋಯ್ತು.

"ರಷ್ಯಾದಲ್ಲಿ ಯಾವೂರಂತೆ ಸರಸಕ್ಕ?"

"ಇನ್ಯಾವೂರು? ನೀನಿದ್ದ ಊರೇ! ಆ ಹೊಳೆ ದಂಡೇದು, ಜರೇಚಿನ್ಸ್ಕು. ಮಧ್ಯಾಹ್ನ ಇಬ್ರೂ ಕಾರಲ್ಲಿ ಬತ್ತವ್ರೆ. ಅತ್ತೆ ಸೊಸೆ ಮಾತಾಡೋದು ಹೆಂಗೆ? ಉಮಾಶಂಕರನ್ನ ಹಿಡ್ಕೊಂಡ್ ಬಾ ಅಂತ ಈರಕ್ಕ ಫೋನ್ ಮಾಡವ್ಳೆ. ಏಳು, ಒಂಬತ್ತರ ಬಸ್ಸು. ಕಲ್ಪನಾ, ನೀನೂ ಹೊರಡಮ್ಮ!"

ಉಮಾಶಂಕರ್ ಏಳಲಿಲ್ಲ. ಆರು ವರ್ಷದಿಂದ ಒಂದೇ ಸುಳ್ಳು ಹೊತ್ತು ಹೊತ್ತು ಅವನಿಗೆ ಭುಜ ಬಿದ್ದೋಗಿತ್ತು. ಇವತ್ತು ಸೊಂಟಾನೂ ಹೋಯ್ತದೆ ಅನ್ಸ್ತು.

ವಿಷ್ಯ ಇಷ್ಟೇ. ಮಿಲ್ಲಲ್ಲಿ ನೇಯೋ ಕೆಲ್ಸ ಕೊಡುಸ್ತೀನಿ ಅಂತ ಅವನನ್ನ ಆ ಊರಿಗೆ ಕರ್ಕೊಂಡೋದ ಏಜೆಂಟು, ಅಲ್ಲಿಗೋದ್ಮೇಲೆ ಕೈಗೆ ಸೌಟು ಕೊಟ್ಟಿದ್ದ. ಮಿಲ್ಲಿಗೆ ಬೀಗ ಬಿದ್ದು ಎಷ್ಟೋ ವರ್ಷ ಆಗಿತ್ತು. ಮೆಡಿಕಲ್ ಓದೋಕೆ ಬಂದಿರೋ ನಮ್ಮ ಕಡೆ ಹುಡುಗ್ರ ಹಾಸ್ಟೆಲ್ಲು, ಅದರ ನೆಲಮಾಳಿಗೇಲಿ ಮೆಸ್ಸು, ಅಲ್ಲಿ ಹನ್ನೊಂದು ತಿಂಗಳು ಅಡಿಗೆ. ಆದ್ರೆ ಹಿಂದೂಪುರದಲ್ಲಿ ಅವರಪ್ಪ ವೆಂಕಟೇಶಪ್ಪ ಆಗ್ಲೇ ಮಗ್ಗದ ಬೀದಿಗೆಲ್ಲ "ನಮ್ಮುಡ್ಗ ಫಾರಿನ್ನಲ್ಲಿ ದೊಡ್ಡ ಕೆಲ್ಸ" ಅಂತ ಸಾರ್‍ಬುಟ್ಟಿದ್ದ. ವಾಪಸ್ ಬಂದೋನು ಏನ್ಮಾಡ್ತಾನೆ? "ಹೊಳೇಲಿ ಟೂರಿಸ್ಟ್ ಬೋಟು, ಅದಕ್ಕೆ ಸೂಪರ್‌ವೈಜರ್ ಆಗಿದ್ದೆ" ಅಂದ.

ಬೀದಿ ನಂಬಿದ್ರೆ ನಂಬ್ಲಿ, ಬಿಟ್ರೆ ಬಿಡ್ಲಿ. ಭಯ ಇದ್ದಿದ್ದು ಮನೇಲಿ. "ನಂಗೆ ಗ್ಯಾಸ್ ಹಚ್ಚೋಕೂ ಬರಲ್ಲ ಕಣೇ" ಅಂತ ಹೆಂಡ್ತಿ ಕಲ್ಪನಾಗೆ ಮದ್ವೆಯಾದ ಹೊಸದ್ರಲ್ಲಿ ಹೇಳಿದ್ದ, ರಷ್ಯಾದಿಂದ ಬಂದ್ಮೇಲೂ ಅದೇ ಹೇಳ್ದ. ಹೋದ ವರ್ಷ ಚಿಕುನ್‌ಗುನ್ಯ ಬಂದು ಅವಳ ಬೆರಳು ಊದ್ಕೊಂಡಿದ್ದಾಗ್ಲೂ ಹದಿನೈದು ದಿನ ಹೋಟ್ಲಿಂದ ಇಡ್ಲಿ ತಂದನೇ ಹೊರತು ಒಲೆ ಮುಟ್ಟಲಿಲ್ಲ. ಅವಳು ಕುಂಟ್ಕೊಂಡೇ ಎದ್ದು ಸಾರು ಮಾಡಿದ್ಲು. ಈಗ ನಿಜ ಹೊರಗೆ ಬಂದ್ರೆ ಬೀದಿ ಒಂದಿನ ನಕ್ಕು ಸುಮ್ಕಾಯ್ತದೆ. ಕಲ್ಪನಾ ಸುಮ್ಕಾಗಲ್ಲ.

ಬಸ್ಸಲ್ಲಿ ಸರಸ್ವತಮ್ಮ ಟಿಕೆಟ್ ತಗೊಳ್ಳೋಕ್ ಮುಂಚೇನೇ ಕಂಡಕ್ಟರ್‌ಗೆ ಪರಿಚಯ ಮಾಡಿಸಿದ್ಲು. "ಈಯಪ್ಪ ರಷ್ಯಾದಾಗಿದ್ದೋನು. ಉಮಾ, ಆ ಊರಿನ ಕತೆ ಹೇಳಪ್ಪ, ಎಲ್ರೂ ಕೇಳ್ಲಿ."

ಸಂತೇಲಿ ಕಟ್ಟಿಹಾಕಿದ ಮುದಿ ಎತ್ತಿನಂಗೆ ನಿಟ್ಟುಸಿರು ಬಿಟ್ಟು ಉಮಾಶಂಕರ್ ಶುರು ಮಾಡ್ದ. "ಮುನ್ನೂರು ವರ್ಷದ ಹಿಂದೆ ಅಗಸೆ ನಾರಿನ ವ್ಯಾಪಾರದೋರು ದೋಣೀಲಿ ಬಂದು ಕಟ್ಟಿದ ಊರದು. ನಮ್ಮಂಗೇ ನೇಯೋರು. ಮರದ ಮನೆಗಳು, ಕಿಟಕಿ ಸುತ್ತ ಸೀರೆ ಬಾರ್ಡರ್ ಥರ ಕೆತ್ತನೆ. ಆಮೇಲೆ ಮಿಲ್ ಬಂತು. ಸೈರನ್ ಆದ್ರೆ ನಾಕು ಸಾವಿರ ಹೆಂಗಸ್ರು ಒಳಗೋಗೋರು. ಈಗ ಬೀಗ. ವಯಸ್ಸಿನೋರೆಲ್ಲ ದೊಡ್ಡೂರಿಗೆ. ಉಳಿದಿರೋದು ಮುದುಕೀರು, ಬೆಕ್ಕು, ಒಂದು ಮೆಡಿಕಲ್ ಕಾಲೇಜು. ಚಳಿಗಾಲ್ದಲ್ಲಿ ಹೊಳೆ ಕಲ್ಲಿನಂಗಾಗಿ ಅದರ ಮೇಲೆ ಲಾರಿ ಓಡ್ತವೆ."

"ಮನ ಪೆನ್ನಲೋ ಕೂಡಾ ಲಾರೀಲು ಪೋತಾಯಿ ಕದಯ್ಯಾ!" ಅಂದ ಹಿಂದ್ಗಡೆ ಸೀಟಿನ ಮುದುಕಪ್ಪ ತೆಲುಗಲ್ಲಿ. ಬಸ್ಸೆಲ್ಲ ನಕ್ತು. ಅವರ ಹೊಳೇಲಿ ನೀರು ಕಲ್ಲಾಗಿ, ನಮ್ಮ ಪೆನ್ನಾ ಹೊಳೇಲಿ ನೀರೇ ಇಲ್ದೆ ಲಾರಿ ಓಡ್ತವೆ. ಲಾರಿಗೆ ಎರಡೂ ಒಂದೇ.

"ಹೊಳೆ ಕಲ್ಲಾದ್ರೆ ನಿಮ್ ಬೋಟು?" ಅಂದ ಕಂಡಕ್ಟರ್.

"ಬೋಟ್‌ಗೆ... ರಜ."

"ಎಷ್ಟು ತಿಂಗ್ಳು?"

"ಐದು."

"ಮತ್ತೆ ನೀವು?"

"ಆಫೀಸಲ್ಲಿ ಕೂತಿರ್ತಿದ್ದೆ."

ಕಲ್ಪನಾ ಒಂದ್ಸಲ ಅವನ ಕಡೆ ನೋಡಿ ಕಿಟಕಿ ಕಡೆ ತಿರುಗಿದ್ಲು.

ಬೋಟಿಂದು ಸುಳ್ಳಾದ್ರೂ ಊರಿನ ಕತೆ ಸುಳ್ಳಲ್ಲ. ಮೆಸ್ಸಲ್ಲಿ ಅವನ ಪಕ್ಕ ಕೂತು ಆಲೂಗಡ್ಡೆ ಸಿಪ್ಪೆ ತೆಗೀತಿದ್ದ ಗಾಲ್ಯಾ ಅಂತ ಒಂದು ಅಜ್ಜಿ ಅದೆಲ್ಲ ಹೇಳಿದ್ದು. ಅವಳ ಭಾಷೆ ಇವನಿಗೆ ಬರ್ತಿರಲಿಲ್ಲ. ಅವಳು ಲಾಳಿ ಎಸೆಯೋ ಥರ ಕೈ ಆಡ್ಸೋಳು, ಬಾಯಲ್ಲೇ ಸೈರನ್ ಊದೋಳು, ಗಾಳೀಲಿ ಕೀಲಿ ತಿರುಗ್ಸಿ ಸುಮ್ನಾಗೋಳು. ಮಗ್ಗದ ಮನೆ ಹುಡುಗನಿಗೆ ಅಷ್ಟು ಸಾಲ್ದಾ? ಅವನಾಗಿ ಕಣ್ಣಾರೆ ಕಂಡಿದ್ದು ಅಂದ್ರೆ ನೆಲಮಾಳಿಗೆ ಕಿಟಕೀಲಿ ಕಾಣೋ ಬೂಟುಗಳು ಮಾತ್ರ. ಹನ್ನೊಂದು ತಿಂಗಳು ಬರೀ ಬೂಟು. ಗಾಲ್ಯಾನ ಬಿಟ್ರೆ ಆ ಊರಿನೋರ ಮುಖ ಹೆಂಗಿರ್ತದೆ ಅಂತ ಕೇಳಿದ್ರೆ ಅವನು ಹೇಳ್ಲಾರ.

ಕಲ್ಯಾಣದುರ್ಗದಲ್ಲಿ ಈರಕ್ಕನ ಮನೆ ಮುಂದೆ ಚಪ್ಪಲಿ ರಾಶಿ ಬಿದ್ದಿತ್ತು. ಕಲ್ಪನಾನ ಯಾರೋ ಸೀದಾ ಅಡಿಗೆಮನೆಗೆ ಎಳ್ಕೊಂಡೋಗಿ ಈರುಳ್ಳಿ ಹೆಚ್ಚೋಕೆ ಕೂರಿಸಿದ್ರು. ಉಮಾಶಂಕರನ್ನ ಪಡಸಾಲೆ ಮಧ್ಯ ಕುರ್ಚಿ ಹಾಕಿ ಕೂರಿಸಿದ್ರು.

"ನಮ್ಮುಡುಗನ್ನ ಡಾಕ್ಟ್ರು ಓದೋಕೆ ಆ ಊರಿಗೇ ಕಳ್ಸು ಅಂದೋನು ನೀನೇ ಅಲ್ವೇನಪ್ಪ? ಈಗ ಅವಳತ್ರ ಮಾತಾಡ್ಸೋನೂ ನೀನೇ" ಅಂದ್ಲು ಈರಕ್ಕ. ಅತ್ತು ಅತ್ತು ಕಣ್ಣು ಕೆಂಪಾಗಿದ್ವು.

"ಮುದ್ದೆ ತಿಂತಾಳಾ ಅಂತ ಮೊದ್ಲು ಕೇಳು" ಅಂದ ಅವಳ ಗಂಡ ಓಬಣ್ಣ.

ಮಗಳು ಪದ್ಮಲತಾ, "ಫೋನ್ನಾಗೇ ಟ್ರಾನ್ಸ್‌ಲೇಟ್ ಐತಲ್ಲಪ್ಪ" ಅಂದ್ಲು. ಉಮಾಶಂಕರ್‌ಗೆ ಹೋದ ಜೀವ ಬಂತು. ಓಬಣ್ಣ ತಕ್ಷಣ ಆ ಜೀವಾನ ಮತ್ತೆ ಕಿತ್ಕೊಂಡ. "ಸೊಸೆ ಮನೆ ತುಂಬೋ ಹೊತ್ನಾಗೆ ಮಷೀನಾ? ಆರತಿ ಎತ್ತೋಳು ಬಾಯಲ್ಲೇ ಅನ್ಬೇಕು. ಉಮಾ, 'ಬಾಮ್ಮ, ಬಲಗಾಲಿಟ್ಟು ಒಳಗ್ ಬಾ' ಅನ್ನೋಕೆ ಅವ್ರ ಮಾತಲ್ಲಿ ಏನು?"

ಹನ್ನೊಂದು ತಿಂಗ್ಳಲ್ಲಿ ಉಮಾಶಂಕರ್ ಕಲ್ತಿದ್ದು ಮೂರೇ ಮಾತು. ಅಂಗಡಿಯೋನಿಗೆ ದಿನಾ ಬೆಳಿಗ್ಗೆ ಫೋನಲ್ಲಿ ಹೇಳ್ತಿದ್ದು. ಎಲ್ರೂ ಬಾಯಿ ಬಿಟ್ಕೊಂಡು ಕೂತಿದ್ರು. ಇನ್ನೇನು ಮಾಡೋದು?

"ಕರ್ತೋಷ್ಕ... ಲೂಕ್... ಸೋಲ್" ಅಂದ.

"ಎಂಥಾ ಗಂಭೀರವಾದ ಮಾತು ನೋಡು!" ಅಂದ್ಲು ಸರಸ್ವತಮ್ಮ. ಈರಕ್ಕ ಮಂತ್ರದ ಥರ ಅದನ್ನ ಉರು ಹೊಡೆಯೋಕೆ ಶುರು ಮಾಡಿದ್ಲು. ಉಮಾಶಂಕರ್ ಬಚ್ಚಲ ಕಡೆಯಿಂದ ಓಡೋಗೋಕೆ ದಾರಿ ಐತಾ ಅಂತ ಎರಡ್ಸಲ ಎದ್ದ. ಎರಡ್ಸಲಾನೂ ಓಬಣ್ಣ ಹೆಗಲು ಒತ್ತಿ ಕೂರಿಸ್ದ.

ಕಾರು ಬಂದೇ ಬಂತು. ಮುಂದೆ ಹರಿಕೃಷ್ಣ, ಹಿಂದೆ ಸೆರಗು ಹೊದ್ದು ತಲೆ ಬಗ್ಗಿಸಿದ ಹೆಣ್ಣು. ಈರಕ್ಕ ಆರತಿ ಎತ್ತಿ, ಗಂಟ್ಲು ಸರಿ ಮಾಡ್ಕೊಂಡು, ಬೀದಿಗೆಲ್ಲ ಕೇಳೋ ಹಂಗೆ ಅಂದ್ಲು:

"ಕರ್ತೋಷ್ಕ! ಲೂಕ್! ಸೋಲ್!"

ಹೆಣ್ಣು ತಲೆ ಎತ್ತಿದ್ಲು. ಹಣೇಲಿ ಕುಂಕುಮ, ಉದ್ದ ಕರೀ ಜಡೆ.

"ಆಲೂಗಡ್ಡಿ, ಉಳ್ಳಾಗಡ್ಡಿ, ಉಪ್ಪು?" ಅಂದ್ಲು. "ಯಾಕ್ರೀ ಅತ್ತೀ, ಬಂದ ಕೂಡ್ಲೇ ಪಲ್ಯ ಮಾಡ್ಬೇಕೇನ್ರೀ?"

ಎಲ್ರೂ ಹರಿಕೃಷ್ಣನ ಕಡೆ ತಿರುಗಿದ್ರು.

"ಇವ್ಳು ಶಿವಗಂಗಾ, ಕೊಪ್ಪಳದೋಳು" ಅಂದ ಹರಿಕೃಷ್ಣ. "ಅಲ್ಲಿ ನನ್ನ ಸೀನಿಯರ್. 'ಮದ್ವೆ ಆಯ್ತು, ಮಧ್ಯಾಹ್ನ ಬತ್ತೀವಿ, ರಷ್ಯಾದಲ್ಲಿರೋ ಹುಡುಗಿ' ಅಂದೆ, ಅಷ್ಟಕ್ಕೇ ಅಮ್ಮ ಅತ್ಕೊಂಡು ಫೋನ್ ಕಟ್ ಮಾಡ್ಬುಟ್ಲು."

ಈರಕ್ಕ ತಟ್ಟೆ ಸಮೇತ ಸೊಸೇನ ತಬ್ಕೊಂಡ್ಲು. ಉಮಾಶಂಕರ್ ಯಾಕೆ ಆ ಮೂರು ಮಾತು ಹೇಳ್ಕೊಟ್ಟ ಅಂತ ಕೇಳೋ ಪುರುಸೊತ್ತು ಯಾರಿಗೂ ಇರಲಿಲ್ಲ. ಉಮಾಶಂಕರ್ ಕಂಬದ ಹಿಂದೆ ನಿಂತು ಬೆವರು ಒರ್‍ಸಿಕೊಂಡ. ಕನ್ನಡದೋಳು! ಇನ್ನು ಭಾಷಾಂತರ ಬ್ಯಾಡ. ಉಳ್ಕೊಂಡೆ.

ಆಗ ಸರಸ್ವತಮ್ಮ ಅವನ ರಟ್ಟೆ ಹಿಡಿದು ಮುಂದಕ್ಕೆ ಎಳೆದ್ಲು. "ನಮ್ ಉಮಾನೂ ನಿಮ್ ಊರಾಗೇ ಬೋಟ್ ಸೂಪರ್‌ವೈಜರ್ ಆಗಿದ್ದ ಕಣಮ್ಮ!"

ಶಿವಗಂಗಾ ನೋಡಿದ್ಲು. ಕಣ್ಣು ಅಗಲ ಆದ್ವು. "ಅಯ್ಯ ಶಿವನ, ಮೆಸ್ ಅಂಕಲ್!" ಅಂತ ಬಂದು ಕಾಲಿಗೆ ಬಿದ್ಲು. "ಅತ್ತೀ, ಇವರ ಕೈ ಉಪ್ಪಿಟ್ಟು ತಿಂದ ನಾನು ಮೊದಲನೇ ವರ್ಷ ಬದುಕೀನ್ರೀ! ಇನ್ನೂರು ಮಂದಿಗೆ ಒಬ್ರ ಮಾಡ್ತಿದ್ರು. ಐತಾರ ಹೋಳಿಗಿ ಬ್ಯಾರೆ! ಅಂಕಲ್, ಗಾಲ್ಯಾ ಅಜ್ಜಿ ಈಗೂ ಆಲೂಗಡ್ಡಿ ಸುಲೀತಾಳ್ರೀ. ನಿಮ್ಮ ಸ್ಟೂಲಿನ ಮ್ಯಾಲ ಯಾರ್ನೂ ಕೂಡಗೊಡಂಗಿಲ್ಲ."

ಅಜ್ಜಿ ಬದುಕವ್ಳೆ. ಸ್ಟೂಲು ಖಾಲಿ ಐತೆ.

ಆಮೇಲೆ ಅಡಿಗೆಮನೆ ಬಾಗಿಲಲ್ಲಿ ಚಾಕು ಹಿಡಿದು ನಿಂತಿದ್ದ ಕಲ್ಪನಾ ಕಂಡ್ಲು. ಈರುಳ್ಳಿಗೆ ಕಣ್ಣಲ್ಲಿ ನೀರು ಸುರೀತಿತ್ತು. ಇಲ್ಲಾ ಈರುಳ್ಳಿಗಲ್ವೋ ಏನೋ.

"ಹೋಳಿಗೆ ಬೇರೇನಾ?" ಅಂದ್ಲು ಮೆಲ್ಲಗೆ.

ವಾಪಸ್ ಬಸ್ಸಲ್ಲಿ ರೊದ್ದಂ ದಾಟೋವರೆಗೂ ಸರಸ್ವತಮ್ಮ ಫೋನಲ್ಲಿ ಪಿಸಪಿಸ ಅಂತಾನೇ ಇದ್ಲು. ಕಲ್ಪನಾ ತನ್ನ ಬೆರಳ್ನ ಒಂದೊಂದೇ ಮಡಚಿ, ಬಿಡಿಸಿ, ನೋಡ್ಕೋತಾ ಕೂತಿದ್ಲು. ಉಮಾಶಂಕರ್ ಕಣ್ಮುಚ್ಚಿ ಸೀಟಿಗೆ ಒರಗ್ದ. ಬೈಗುಳಕ್ಕೆ ರೆಡಿಯಾಗಿದ್ದ. ಸುಳ್ಳು ಇಳಿಸಿ ಭುಜ ಹಗುರಾಗಿತ್ತು, ಅದೊಂದೇ ಸಮಾಧಾನ.

"ರೀ" ಅಂದ್ಲು ಕಲ್ಪನಾ.

"ಊಂ."

"ನಾಳೆ ಬೆಳಿಗ್ಗೆ ಆರು ಗಂಟೆಗೆ ಅಡಿಗೆಮನೇಲಿ ಸಿಕ್ಕೋಣ. ಗ್ಯಾಸ್ ನಾನು ಹಚ್ಕೊಡ್ತೀನಿ. ನಿಮ್ಗೆ ಬರಲ್ವಲ್ಲ."

ಮುಂದಿನ ಸೀಟಿಂದ ಸರಸ್ವತಮ್ಮ ತಿರುಗಿದ್ಲು. "ರವೆ ನಾನು ತತ್ತೀನಿ ಕಣಪ್ಪ. ಬೀದಿಗೆಲ್ಲ ಫೋನ್ ಮಾಡ್ಬುಟ್ಟಿದೀನಿ. ಇನ್ನೂರೇನಿಲ್ಲ ಬಿಡು, ನಲವತ್ತೇ ಮಂದಿ."