ರಿವಾಲ್ವರ್ ಹಿಡಿಯಲು ಒಂದು ಕೈಯೋ ಎರಡು ಕೈಯೋ

ಮುಚ್ಚುಮರೆ ಏಕೆ, ನಾನು ಪುಕ್ಕಲ. ದೀಪಾವಳಿಯಲ್ಲಿ ಊದುಬತ್ತಿಯನ್ನು ಉದ್ದನೆಯ ಕೋಲಿಗೆ ಕಟ್ಟಿ, ಮುಖವನ್ನು ಆಚೆ ತಿರುಗಿಸಿ, ಒಂದು ಕಾಲನ್ನು ಓಟಕ್ಕೆ ಸಿದ್ಧವಾಗಿಟ್ಟುಕೊಂಡು ಪಟಾಕಿ ಹಚ್ಚುವವರನ್ನು ನೀವು ನೋಡಿರಬಹುದು. ನಾನು ಆ ಪೈಕಿಯವನು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಲೋಕದಲ್ಲಿ ಧೈರ್ಯವಂತರು ಇರಬೇಕಾದರೆ ಅವರನ್ನು ನೋಡಿ ಬೆರಗಾಗುವುದಕ್ಕೆ ನಮ್ಮಂಥವರೂ ಬೇಕು. ಎಪ್ಪತ್ತರ ದಶಕದಲ್ಲಿ ತಿಪಟೂರಿನ ಹೈಸ್ಕೂಲೊಂದರಲ್ಲಿ ಚರಿತ್ರೆ ಮೇಷ್ಟ್ರಾಗಿದ್ದ ನಾನು ಪಾಣಿಪತ್ತಿನ ಯುದ್ಧಗಳನ್ನೆಲ್ಲ ಪ್ರತಿ ವರ್ಷ ಬೆವರದೆ ನಡೆಸಿದ್ದೇನೆ. ಆದರೆ ಪಾಠದ ನಡುವೆ ಬೀದಿಯಲ್ಲಿ ಲಾರಿಯ ಟೈರು ಢಂ ಎಂದರೆ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬೀಳುತ್ತಿತ್ತು. ಇಂಥವನಿಗೆ ಒಂದು ರಿವಾಲ್ವರ್ ಗಂಟುಬಿತ್ತು.

ರಿವಾಲ್ವರ್ ನಮ್ಮ ಮಾವನವರದು. ಮಾವ ಶಿವಲಿಂಗಪ್ಪನವರು ದಂಡಿನಶಿವರದ ಕಡೆಯಿಂದ ಬಂದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹಣದ ಚೀಲ ಹೊತ್ತು ಊರೂರು ಅಲೆಯುತ್ತಿದ್ದ ಕಾಲದಲ್ಲಿ ಯಾರೋ ಹೇಳಿದರೆಂದು ಲೈಸೆನ್ಸ್ ಮಾಡಿಸಿ ಅದನ್ನು ಕೊಂಡಿದ್ದರಂತೆ. ಅದು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಬೀರುವಿನಿಂದ ಹೊರಬಂದು, ತಕ್ಕಡಿ, ಮಚ್ಚು, ಸೈಕಲ್ಲುಗಳ ಸಾಲಿನಲ್ಲಿ ಕುಳಿತು, ಮೂರೆಳೆ ವಿಭೂತಿ ಹಚ್ಚಿಸಿಕೊಂಡು, ಮಂಗಳಾರತಿಯಾದ ಮೇಲೆ ಮತ್ತೆ ಒಳಗೆ ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಅದನ್ನು ಮುಟ್ಟಬಾರದೆಂಬುದು ಮಾವನವರ ಕಟ್ಟಪ್ಪಣೆ. ನನಗೆ ಹೆಣ್ಣು ತೋರಿಸಿದವನು ಕೂಡ ತೋಟ, ಮಂಡಿ ಎಲ್ಲ ಬಿಟ್ಟು "ರಿವಾಲ್ವರ್ ಇರೋ ಮನೆ ಕಣಪ್ಪ" ಎಂದೇ ಹೊಗಳಿದ್ದ.

ಮಾವನವರ ಕಣ್ಣಿಗೆ ಪೊರೆ ಬಂತು. ಲೈಸೆನ್ಸು ನವೀಕರಿಸುವ ಹೊತ್ತಿಗೆ ಕಚೇರಿಯವರು, ಮನೆಯಲ್ಲಿ ಬೇರೆ ಯಾರಾದರೂ ಗುರಿಯಿಟ್ಟು ಹೊಡೆದು ತೋರಿಸಿದರೆ ಅವರ ಹೆಸರಿಗೆ ಮಾಡಿಕೊಡುತ್ತೇವೆ, ಇಲ್ಲದಿದ್ದರೆ ಠಾಣೆಗೆ ಒಪ್ಪಿಸಿಬಿಡಿ ಎಂದರು. ಮಾವನವರಿಗೆ ಗಂಡುಮಕ್ಕಳಿಲ್ಲ. ಇದ್ದೊಬ್ಬ ಮಗಳು ಗಿರಿಜೆ ನನ್ನ ಹೆಂಡತಿ. "ಅಳಿಯಂದ್ರೇ, ಇನ್ಮ್ಯಾಕೆ ಇದು ನಿಮ್ದೇಯ. ಮನೆ ಮರ್ವಾದೆ ನಿಮ್ ಕೈಲೈತೆ" ಎಂದರು ಮಾವ. "ಆಗಲಿ ಮಾವ" ಎಂದಿತು ನನ್ನ ಬಾಯಿ. ಬಾಯಿಗೂ ಎದೆಗೂ ನನ್ನಲ್ಲಿ ಮೊದಲಿಂದಲೂ ಅಷ್ಟಕ್ಕಷ್ಟೆ. ಹೊಡೆದರೆ ಆ ಪೀಡೆ ನನ್ನ ಮನೆಗೆ ಬಂದು, ನಾನು ಮಲಗುವ ಕೋಣೆಯಲ್ಲೇ ತಾನೂ ಮಲಗುತ್ತದೆ. ತಪ್ಪಿದರೆ ಇಡೀ ಕೊಬ್ಬರಿ ಮಾರುಕಟ್ಟೆಯ ಮುಂದೆ ಮಾವನವರ ತಲೆ ತಗ್ಗುತ್ತದೆ, ಅದೂ ನನ್ನಿಂದ. ಅತ್ತ ದರಿ, ಇತ್ತ ಪುಲಿ ಎನ್ನುವುದನ್ನು ಮಕ್ಕಳಿಗೆ ವಿವರಿಸಿದ್ದೆ, ಅನುಭವಿಸಿದ್ದು ಆಗಲೇ.

ಮಾರನೆಯ ಬೆಳಗ್ಗೆಯೇ ಮಾವನವರ ಹಿತ್ತಲಿನಲ್ಲಿ ಅಭ್ಯಾಸ ಶುರುವಾಯಿತು. ಮಾವ ಯಾವುದೋ ಕಾಲದಲ್ಲಿ ಒಬ್ಬ ನಿವೃತ್ತ ಸುಬೇದಾರರಿಂದ ಭಂಗಿ ಕಲಿತಿದ್ದರು. ಗುರಿಗೆ ಪಕ್ಕವಾಗಿ ನಿಲ್ಲಬೇಕು, ಎಡಗೈ ಸೊಂಟದ ಮೇಲಿರಬೇಕು, ಬಲಗೈ ಭುಜದ ಮಟ್ಟಕ್ಕೆ ನೆಟ್ಟಗೆ ಚಾಚಬೇಕು, ಒಂದು ಕಣ್ಣು ಮುಚ್ಚಬೇಕು. ಕೈ ಗಟ್ಟಿಯಾಗಲೆಂದು ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ಹಿಡಿಸಿದರು. "ಉಸ್ರು ಹಿಡ್ದು ಕಲ್ಗಂಬ್ದಂಗೆ ನಿಂತ್ಕಳಿ" ಎನ್ನುತ್ತಿದ್ದರು. ಕಲ್ಲುಕಂಬಕ್ಕೆ ಉಸಿರು ಹಿಡಿಯುವ ಕಷ್ಟವಿಲ್ಲವೆಂದು ನಾನು ಹೇಳಲಿಲ್ಲ.

ಮಾವನವರ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದವರು ಸಬ್‌ಇನ್ಸ್‌ಪೆಕ್ಟರ್ ರಾಜಶೇಖರ್, ಆಗಷ್ಟೇ ಹೊಸ ತರಬೇತಿ ಮುಗಿಸಿ ಬಂದಿದ್ದ ಹುರುಪಿನ ಮನುಷ್ಯ. ಬಾಯಿ ತುಂಬ ಹಲ್ಲುಪುಡಿ ನೊರೆ ತುಂಬಿಕೊಂಡು ಹಿತ್ತಲಿಗೆ ಬಂದವರು ನನ್ನನ್ನು ಕಂಡು ನಿಂತರು. ನೊರೆ ಉಗಿದು, "ಏನ್ ಮೇಷ್ಟ್ರೇ, ಹಳೇ ಕಾಲದವರು ಫೋಟೋಗೆ ನಿಂತಂಗಿದೆಯಲ್ರೀ? ಇದೆಲ್ಲ ಈಗ ನಡೆಯಲ್ಲ. ಎರಡು ಕೈಲಿ ಹಿಡೀಬೇಕು. ಬಲಗೈ ಮುಂದಕ್ಕೆ ತಳ್ಳಬೇಕು, ಎಡಗೈ ಹಿಂದಕ್ಕೆ ಎಳೀಬೇಕು. ಮಂಡಿ ಬಗ್ಗಿಸ್ಬೇಕು, ಎರಡು ಕಣ್ಣೂ ಬಿಟ್ಟಿರಬೇಕು" ಎಂದು ಮಾಡಿಯೇ ತೋರಿಸಿದರು.

ಮಾವನವರಿಗೆ ರೇಗಿತು. "ಎಲ್ಡು ಕೈಲಿ ಹಿಡಿಯಾಕೆ ಅದೇನ್ ಒನಕೆನಾ ಸಾಹೇಬ್ರೇ? ಮಂಡಿ ಬಗ್ಸುದ್ರೆ ಕಳ್ಳ ಏನನ್ಕತಾನೆ? ಯಾರೋ ನಮಸ್ಕಾರ ಮಾಡಾಕ್ ಬಂದವ್ರೆ ಅನ್ಕತಾನೆ."

"ಸೊಂಟದ ಮೇಲೆ ಕೈ ಇಟ್ಕೊಂಡ್ರೆ ಏನನ್ಕೋತಾನೆ ಯಜಮಾನ್ರೇ? ಬೀದಿ ಜಗಳಕ್ಕೆ ಬಂದವ್ರೆ ಅನ್ಕೋತಾನೆ."

ಇಬ್ಬರೂ ಸೋಲುವವರಲ್ಲ. ಕೊನೆಗೆ ನನ್ನ ದೇಹವನ್ನೇ ಪಾಲು ಮಾಡಿಕೊಂಡರು. ಬೆಳಗ್ಗೆ ಮಾವನವರ ಹಳೆಯ ಪದ್ಧತಿ, ಸಂಜೆ ಇನ್ಸ್‌ಪೆಕ್ಟರ ಹೊಸ ಪದ್ಧತಿ. ಇನ್ಸ್‌ಪೆಕ್ಟರು ಬಡಗಿಯಿಂದ ಒಂದು ಮರದ ಪಿಸ್ತೂಲು ಮಾಡಿಸಿ ತಂದು, ಅದರ ಮೂತಿಯ ಮೇಲೆ ನಾಲ್ಕಾಣೆ ನಿಲ್ಲಿಸಿ, ಕಾಸು ಬೀಳದ ಹಾಗೆ ಬೆರಳು ಒತ್ತಬೇಕೆಂದರು. ಆ ನಾಲ್ಕಾಣೆ ನನ್ನ ಕೈಯಲ್ಲಿ ಪಿಸ್ತೂಲಿನ ಮೇಲೆ ನಿಂತದ್ದಕ್ಕಿಂತ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಇದ್ದದ್ದೇ ಹೆಚ್ಚು. ಗಿರಿಜೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಬೆಳಗ್ಗೆ ನೋಡಿದ್ರೆ ದಿವಾನರು, ಸಾಯಂಕಾಲ ನೋಡಿದ್ರೆ ಕೋಳಿ ಹಿಡಿಯೋಕೆ ಹೊರಟವರು. ಆಗಲ್ಲ ಅಂತ ಅಪ್ಪನಿಗೆ ಹೇಳಬಾರದೇನ್ರೀ?" ಎಂದಳು. ಪಾಪ, ಹಿರಿಯರು ಆಸೆ ಇಟ್ಟುಕೊಂಡಿದ್ದಾರೆ ಎಂದೆ. ಅದು ನಿಜವೂ ಆಗಿತ್ತು, ಅಥವಾ ನಿಜವೆಂದು ನಾನು ತಿಳಿದಿದ್ದೆ.

ಪರೀಕ್ಷೆ ನಡೆದದ್ದು ಡಿಸೆಂಬರಿನ ಒಂದು ಬೆಳಗ್ಗೆ, ಊರಾಚೆಯ ಕಲ್ಲುಕ್ವಾರಿಯ ಹತ್ತಿರ. ಮಂಜು ಇನ್ನೂ ತೆಂಗಿನ ಗರಿಗಳಿಂದ ಇಳಿದಿರಲಿಲ್ಲ. ಮಾವ ಶಾಲು ಹೊದ್ದು ಬಂದಿದ್ದರು. ಮಂಡಿಯವರೂ ಸುದ್ದಿ ತಿಳಿದು ಬಂದು ದೂರದಲ್ಲಿ ಗುಂಪುಗೂಡಿದ್ದರು. ಮೇಲ್ವಿಚಾರಣೆ ಇನ್ಸ್‌ಪೆಕ್ಟರದೇ. ರಿವಾಲ್ವರ್ ನನ್ನ ಕೈಗೆ ಬಂತು. ಅಷ್ಟು ತಣ್ಣಗಿನ ವಸ್ತುವನ್ನು ನಾನು ಮುಟ್ಟಿರಲಿಲ್ಲ. ಯಾರನ್ನೂ ನೋಯಿಸಬಾರದೆಂದು ಕಾಲುಗಳನ್ನು ಮಾವನವರ ಪದ್ಧತಿಯಲ್ಲೂ ಕೈಗಳನ್ನು ಇನ್ಸ್‌ಪೆಕ್ಟರ ಪದ್ಧತಿಯಲ್ಲೂ ಇಟ್ಟುಕೊಂಡೆ. ಕಣ್ಣು ಒಂದನ್ನು ಮುಚ್ಚಬೇಕೋ ಎರಡನ್ನೂ ಬಿಡಬೇಕೋ ತಿಳಿಯದೆ ಎರಡನ್ನೂ ಮುಚ್ಚಿ, ಶಿವನನ್ನು ನೆನೆದು ತೋರುಬೆರಳಿನಿಂದ ರಿವಾಲ್ವರಿನ ಕುದುರೆ ಎಳೆದೆ.

ಸದ್ದಿಲ್ಲ. ಇನ್ನಷ್ಟು ಬಲವಾಗಿ ಎಳೆದೆ. ಕುದುರೆ ಕದಲಲಿಲ್ಲ. ಇನ್ಸ್‌ಪೆಕ್ಟರು ಬಂದು ತೆಗೆದುಕೊಂಡು, ತಾವೂ ತಿಣುಕಿ ನೋಡಿ, ಹೇಗೋ ಬಿಚ್ಚಿ ಗುಂಡುಗಳನ್ನು ಹೊರಗೆ ತೆಗೆದರು. ಒಳಗೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು.

"ಯಜಮಾನ್ರೇ, ಇದಕ್ಕೆ ಯಾವ ಎಣ್ಣೆ ಹಾಕ್ತೀರಿ?"

"ಇನ್ಯಾವ್ದು? ನಮ್ ಗಾಣದ್ ಕೊಬ್ರಿ ಎಣ್ಣೆಯ. ಪ್ರತಿ ಪೂಜೆಗೂ ಹಾಕಿವ್ನಿ. ಪರೀಕ್ಸೆ ಐತಲ್ಲ ಅಂತ ನೆನ್ನೆ ಇನ್ನೊಂದ್ ವಸಿ ಜಾಸ್ತಿನೇ ಬುಟ್ಟೆ."

ಅವರನ್ನು ಏನೆಂದು ಅನ್ನುವುದು? ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿನ ನೆತ್ತಿಗೂ, ಮುದುಕರ ಮಂಡಿಗೂ, ಹೊಲಿಗೆ ಯಂತ್ರಕ್ಕೂ, ಕಿರುಗುಡುವ ಬಾಗಿಲಿಗೂ, ತಿರುಗದ ಬೀಗಕ್ಕೂ ಒಂದೇ ಔಷಧ. ಚಳಿಗಾಲ ಬಂತೆಂದರೆ ಅದು ಸೀಸೆಯಲ್ಲಿ ಸುಣ್ಣದಂತೆ ಗಟ್ಟಿಯಾಗುತ್ತದೆಂದು ಎಳೆಮಕ್ಕಳಿಗೂ ಗೊತ್ತು. ರಿವಾಲ್ವರಿನ ಹೊಟ್ಟೆಯೊಳಗೂ ಡಿಸೆಂಬರ್ ಬರುತ್ತದೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಅಬ್ಬ, ಬದುಕಿದೆ ಎಂದುಕೊಂಡೆ. ಇನ್ಸ್‌ಪೆಕ್ಟರು ಬಿಡುವರೇ? "ಪರವಾಗಿಲ್ಲ ಮೇಷ್ಟ್ರೇ, ಬಿಸಿಲಿಗಿಟ್ರೆ ಕರಗುತ್ತೆ" ಎಂದು ಅದನ್ನು ಜೀಪಿನ ಬಾನೆಟ್ಟಿನ ಮೇಲೆ, ಹಪ್ಪಳ ಒಣಗಲು ಇಟ್ಟ ಹಾಗೆ ಇಟ್ಟರು. ಮಂಜು ಹರಿಯಿತು. ಸೂರ್ಯ ತೆಂಗಿನ ತಲೆಗಳ ಮೇಲೆ ಬಂದ. ಹುಡುಕಿದರೂ ಒಂದು ತುಂಡು ಮೋಡವಿಲ್ಲ. ರಿವಾಲ್ವರಿನ ಬುಡದಲ್ಲಿ ಎಣ್ಣೆಯ ಹನಿಯೊಂದು ಮೂಡಿ ಮೆಲ್ಲಗೆ ಜಾರಿತು. ನನ್ನ ಬೆನ್ನಿನಲ್ಲೂ ಅದೇ ರೀತಿ ಬೆವರು ಜಾರಿತು.

ಇನ್ಸ್‌ಪೆಕ್ಟರು ಮಾತಿಗೆಂದು ಕೇಳಿದರು: "ಯಜಮಾನ್ರೇ, ಮುಂಚೆ ಚಳಿಗಾಲದಲ್ಲಿ ಹೊಡೆದಾಗ ಏನ್ಮಾಡ್ತಿದ್ರಿ?"

ಮಾವ ಶಾಲನ್ನು ಸರಿಮಾಡಿಕೊಂಡರು. ಮಂಡಿಯವರು ದೂರದಲ್ಲಿರುವುದನ್ನು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು. "ಹೊಡ್ದಿದ್ರಲ್ವಾ ಸಾಹೇಬ್ರೇ? ಕೊಂಡ್ ದಿವ್ಸ ಅಂಗ್ಡಿಯವ್ನು ಹೊಡ್ದು ತೋರಿಸ್ದ. ಆ ಸದ್ದಿಗೇ ನನ್ನೆದೆ ಝಲ್ ಅಂತು. ಬೀರಿನಾಗೆ ಇದ್ದಷ್ಟು ದಿನ ಕಳ್ರಿಗಿಂತ ಅದ್ಕೇ ಹೆದ್ರಿವ್ನಿ. ಯಾವತ್ತೋ ಒಪ್ಪಿಸ್ಬುಡ್ತಿದ್ದೆ. ಅಳಿಯಂದ್ರು ಆಸೆ ಪಟ್ರಲ್ಲ ಅಂತ ಸುಮ್ಕಾದೆ."

"ನಾನೇ? ನಾನು ಯಾವಾಗ ಆಸೆ ಪಟ್ಟೆ ಮಾವ?"

"ಆಗಲಿ ಅಂದ್ರಲ್ಲ!"

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ನೀವು ಆಸೆ ಪಟ್ಟಿದ್ದೀರಿ ಅಂತ ನಾನು ಆಗಲಿ ಅಂದೆ. ನನಗೂ ಭಯ ಮಾವ, ತುಂಬ ಭಯ" ಎಂದೆ. ಮಾವ ನನ್ನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಮದ್ಲೇ ಹೇಳಬಾರದಾ ಮಾರಾಯ್ರಾ! ಬುಡಿ, ಹೋಗ್ಲಿ ಅತ್ಲಾಗೆ" ಎಂದರು. ಎದೆಯ ಮೇಲಿದ್ದ ಬಂಡೆ ಸರಿದ ಹಾಗಾಯಿತು. ಮಾವನವರ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಇನ್ಸ್‌ಪೆಕ್ಟರು ಒಳ್ಳೆಯವರು. ನಗು ನುಂಗಿಕೊಂಡು, ಮಂಡಿಯವರಿಗೆಲ್ಲ ಕೇಳುವ ಹಾಗೆ, "ಆಯುಧ ಕೆಲಸಕ್ಕೆ ಬರೋ ಸ್ಥಿತಿಯಲ್ಲಿಲ್ಲ. ಠಾಣೆಗೆ ಜಮಾ!" ಎಂದು ಗಟ್ಟಿಯಾಗಿ ಸಾರಿ ಅದನ್ನು ಜೀಪಿನೊಳಗೆ ಇಟ್ಟುಕೊಂಡರು. ಮಾವನವರ ಮರ್ಯಾದೆ ಉಳಿಯಿತು, ನನ್ನ ನಿದ್ದೆಯೂ ಉಳಿಯಿತು.

ಮನೆಗೆ ಬಂದವನೇ ಗಿರಿಜೆಗೆ ನಡೆದದ್ದನ್ನೆಲ್ಲ ವಿವರಿಸಿದೆ. ಕಣ್ಣು ಮುಚ್ಚಿದ್ದನ್ನೂ ಬಿಡಲಿಲ್ಲ, ಅಷ್ಟು ಸಂತೋಷವಾಗಿತ್ತು. ಅವಳು ಪೂರ್ತಿ ಕೇಳಿ, "ಆಯುಧ ಕೆಲಸಕ್ಕೆ ಬರಲ್ಲ ಅಂದರಾ?" ಎಂದಳು.

"ಹೂಂ, ಎಲ್ಲರ ಎದುರಿಗೇ ಅಂದರು."

"ಹಿಡಿದವರ ಬಗ್ಗೆ?"

"ಏನೂ ಅನ್ನಲಿಲ್ಲ."

"ದೊಡ್ಡ ಮನುಷ್ಯರು ಕಣ್ರೀ" ಎಂದು ಗಿರಿಜೆ ಒಳಗೆ ಹೋದಳು.