ಸೀರೆಯ ತೂಕ ಕಳೆದು

ತೂಕ ಹೆಚ್ಚಾದರೆ ಹಿಗ್ಗುವ ಮನೆ ನನ್ನ ಗಂಡನ ಮನೆ. ಬೇಗಂ ಬಜಾರಿನಲ್ಲಿ ಕೆಳಗೆ ಕಿರಾಣಿ ಅಂಗಡಿ, ಮೇಲೆ ಸಂಸಾರ; ಹುಣಸೆಹಣ್ಣಿನಿಂದ ಸೊಸೆಯವರೆಗೆ ಯಾವುದೂ ಕಡಿಮೆ ತೂಗಬಾರದು. ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದಿದ್ದ ಆ ವರ್ಷಗಳಲ್ಲಿ ನನಗೂ ಒಂದು ಕಂಪನಿಯಲ್ಲಿ ಕೆಲಸವಿತ್ತು: ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಿಲ್ಲದ್ದರಿಂದ ಡಾಕ್ಟರು ನನ್ನಲ್ಲೇ ತಪ್ಪು ಹುಡುಕುತ್ತಿದ್ದರು. ಅಂಡಾಶಯ ಚುರುಕಾಗಲೆಂದು ದಿನಾ ಹಾರ್ಮೋನ್ ಇಂಜೆಕ್ಷನ್. ಅದರ ಪ್ರತಾಪವೋ ಏನೋ, ಆಫೀಸಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನಗೆ ಅಳು ಬರುತ್ತಿತ್ತು. ಅಳು ಹಾಳಾಗಲಿ, ಹೆದರಿಕೆ ಬೇರೆಯದೇ ಇತ್ತು. ಔಷಧಿ ಅತಿಯಾದರೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಬಹುದಂತೆ. ದಿನಾ ಬೆಳಿಗ್ಗೆ ತೂಕ ನೋಡಬೇಕು. ದಿಢೀರನೆ ಏರಿದರೆ ಓಡಿ ಬರಬೇಕು, ಆಗ ಈ ತಿಂಗಳ ಪ್ರಯತ್ನ ನಿಲ್ಲಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು.

ತೂಗುವುದಕ್ಕೆ ನಮ್ಮಲ್ಲೇನು ಬರ? ಅಂಗಡಿ ತೆರೆಯುವ ಮೊದಲು ಬೆಲ್ಲದ ಪೆಂಟೆಗಳ ನಡುವೆ, ಚೀಲ ತೂಗುವ ಕಾಂಟಾದ ಮೇಲೆ ನಾನು. ಪಕ್ಕದಲ್ಲಿ ಗಂಡ, ಮೆಟ್ಟಿಲ ಮೇಲೆ ಅತ್ತೆ. ಒಂದು ಬೆಳಿಗ್ಗೆ ಮುಳ್ಳು ಹಿಂದಿನ ದಿನಕ್ಕಿಂತ ಎರಡು ಕಿಲೋ ಹೆಚ್ಚಿಗೆ ತೋರಿಸಿತು. “ಮೈ ಹಿಡಿಯಾಕತ್ತೈತಿ ನನ್ನ ಸೊಸಿಗೆ!” ಎಂದು ಅತ್ತೆ ನೆಟಿಗೆ ಮುರಿದರು. ಗಂಡನ ಮುಖ ಬಿಳಿಚಿತು. ಆದರೂ ವ್ಯಾಪಾರಿ, ತುಂಬಿದ ಚೀಲ ತೂಗಿದರೆ ಖಾಲಿ ಚೀಲದ ತೂಕ ಕಳೆಯದೆ ಬಿಟ್ಟವರಲ್ಲ. “ಇವತ್ತ ಸೀರಿ ಭಾಳ ದಪ್ಪಂದೈತಿ, ಅದನ್ನ ಕಳಿ. ಬಳಿ ಕಳಿ. ನಿನ್ನಿ ಎರಡ ರೊಟ್ಟಿ ಜಾಸ್ತಿ ತಿಂದಿ, ಅದನ್ನೂ ಕಳಿ” ಎನ್ನುತ್ತ ನಿನ್ನೆಯ ತೂಕಕ್ಕೇ ತಂದು ನಿಲ್ಲಿಸಿದರು. ಪ್ರಯತ್ನ ನಿಂತುಹೋದೀತೆಂಬ ಭಯ ಅವರಿಗೆ. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ನಾನೇನು ಮಾಡಿದೆ? “ಸೇಫ್ಟಿ ಪಿನ್ನೂ ಅದಾವ್ರಿ” ಎಂದೆ.

ಆಫೀಸಿಗೆ ರಜೆ ಹಾಕಿ ಮಲಗಿದೆ. ಮಧ್ಯಾಹ್ನಕ್ಕೆ ಬಳೆಗಳು ಕೈ ಕಚ್ಚಿದವು, ಹೊಟ್ಟೆ ಬಿಗಿಯಿತು. ಗಂಡನಿಗೆ ಹೇಳಲು ಕೆಳಗಿಳಿದು, ಮತ್ತೆ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತ ಕುಳಿತವಳನ್ನು ನೋಡಿ ಅತ್ತೆ ಮಗನಿಗೆ ಗದರಿದರು: “ಸೀರಿ ಭಾರಕ್ಕ ಉಸಿರು ಕಟ್ಟತೈತೇನೋ? ಮೊದ್ಲ ಆಟೋ ಕರಿ!”

ಸ್ಕ್ಯಾನ್ ಮಾಡಿದರೆ ಅಂಡಾಶಯಗಳು ಊದಿದ್ದವು, ನೀರು ತುಂಬುತ್ತಿತ್ತು. ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಆ ತಿಂಗಳ ಪ್ರಯತ್ನ ಅಲ್ಲಿಗೇ ನಿಂತಿತು. ಬೆಳಿಗ್ಗೆ ತೂಕ ಎಷ್ಟಿತ್ತೆಂದು ಡಾಕ್ಟರು ಕೇಳಿದಾಗ ಗಂಡ ಸೀರೆ, ಬಳೆ, ರೊಟ್ಟಿ ಎಲ್ಲವನ್ನೂ ಮತ್ತೆ ಕೂಡಿಸಿ ಹೇಳಿದರು. ನಿಜ ಹೇಳುತ್ತೇನೆ, ಸಾಯುವ ಭಯಕ್ಕಿಂತ ಬರಿಗೈಯಲ್ಲಿ ಮನೆಗೆ ಹೋಗುವ ಭಯವೇ ನನಗೆ ಹೆಚ್ಚಿತ್ತು.

ಮನೆಗೆ ಬಂದ ಮೇಲೂ ಕಾಂಟಾ ತಪ್ಪಲಿಲ್ಲ. ಮುಳ್ಳು ಮೆಲ್ಲಗೆ ಇಳಿಯತೊಡಗಿತು. “ಇವತ್ತೂ ಕಡಿಮಿ ಆತು!” ಎಂದು ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕುತ್ತಿದ್ದರು. ತೂಕ ಇಳಿದದ್ದಕ್ಕೆ ಸಿಹಿ ತಿಂದ ಅಂಗಡಿ ಇಡೀ ಬೇಗಂ ಬಜಾರಿನಲ್ಲಿ ನಮ್ಮದೊಂದೇ ಇರಬೇಕು. ಮುಂದಿನ ಸಲ ಔಷಧಿ ಕಡಿಮೆ ಕೊಡುತ್ತಾರಂತೆ. ಗಂಡ ಈಗ ಮುಳ್ಳು ತೋರಿಸಿದ್ದನ್ನೇ ಹೇಳುತ್ತಾರೆ. ನಾನು ಮಾತ್ರ ಕಾಂಟಾದಿಂದ ಇಳಿಯುವಾಗ, ಯಾರಿಗೂ ಕೇಳಿಸದ ಹಾಗೆ, ಇನ್ನೂ ಸೀರೆಯ ತೂಕ ಕಳೆಯುತ್ತಿರುತ್ತೇನೆ.